ಒಂದು ಮುಖದ ಹಳದಿ

ಚೆಟ್ಟಳ್ಳಿಯ ಎಸ್ಟೇಟಿನ ದೊಡ್ಡವರು ಗೊಬ್ಬರದ ಚೀಲವೊಂದನ್ನು ನನ್ನ ಮೇಜಿನ ಮೇಲೆ ಸುರಿದಾಗ ಮೊದಲು ಹೊರಗೆ ಬಂದದ್ದು ವಾಸನೆ. ಆಮೇಲೆ ಒಂದು ಜಿರಳೆ. ಕೊನೆಗೆ ವಿಡಿಯೊ ಕ್ಯಾಸೆಟ್ಟುಗಳು. ಕುಶಾಲನಗರದಲ್ಲಿ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ, ಬಣ್ಣ ಸರಿಮಾಡಿ ಕೊಡುವ ಕೆಲಸ ನನ್ನದು. ಈ ಮಳೆಯ ಸೀಮೆಯಲ್ಲಿ ಕ್ಯಾಸೆಟ್ಟು ಎಂದರೆ ಬೂಷ್ಟು ಎಂದೇ ಅರ್ಥ. ಆದರೂ ಅಷ್ಟು ಹೇಸಿಗೆಯ ಸರಕನ್ನು ನಾನು ಅದಕ್ಕೆ ಮುಂಚೆ ಮುಟ್ಟಿರಲಿಲ್ಲ.

"ಎಲ್ಲಿಟ್ಟಿದ್ರಿ ಸಾರ್ ಇದನ್ನ?" ಎಂದೆ.

"ಗೋಡೌನಲ್ಲಿ. ಗೊಬ್ಬರದ ಮೂಟೆ ಪಕ್ಕ. ಯಾಕೆ?"

ಯಾಕೆ ಎಂದು ಹೇಳಿ ಪ್ರಯೋಜನವಿರಲಿಲ್ಲ. ಅವರು ಕುರ್ಚಿ ಎಳೆದುಕೊಂಡು ಕುಳಿತು ವಿಷಯ ಹೇಳಿದರು. ಅವರು ಮೂವರು ಅಣ್ಣತಮ್ಮಂದಿರು. ಇದು ಕಡೆಯ ತಮ್ಮನ ಮದುವೆಯ ವಿಡಿಯೊ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುತ್ತದೆ, ಅಮ್ಮತ್ತಿಯ ಕಲ್ಯಾಣ ಮಂಟಪದಲ್ಲಿ ಸಮಾರಂಭ, ಅಲ್ಲಿ ದೊಡ್ಡ ಪರದೆಯ ಮೇಲೆ ಇದನ್ನು ತೋರಿಸಬೇಕು.

"ಕಲರ್ ಎಲ್ಲ ಹೋಗಿರ್ತದೆ, ಸ್ವಲ್ಪ ನೋಡಿ ಮಾರಾಯ್ರೆ. ಇನ್ನೊಂದು, ಎಲ್ರನ್ನೂ ಸ್ವಲ್ಪ ಬೆಳ್ಳಗೆ ಮಾಡಿ. ತಮ್ಮನ ಹೆಂಡ್ತಿ ಕಡೆಯವರು ಸ್ವಲ್ಪ ಕಪ್ಪು."

ಈ ಮಾತು ಕೇಳದೆ ನನಗೆ ಒಂದು ವಾರ ಕಳೆಯುವುದಿಲ್ಲ. ಸತ್ತವರನ್ನು ಬೆಳ್ಳಗೆ ಮಾಡಿ ಎನ್ನುತ್ತಾರೆ, ತೊಟ್ಟಿಲಲ್ಲಿರುವ ಕೂಸನ್ನು ಬೆಳ್ಳಗೆ ಮಾಡಿ ಎನ್ನುತ್ತಾರೆ. ಒಬ್ಬ ಪುಣ್ಯಾತ್ಮ ತನ್ನ ಕರಿ ನಾಯಿಯ ಬಗ್ಗೆಯೂ ಅದನ್ನೇ ಕೇಳಿದ್ದ. ಮೈಯೆಲ್ಲ ಉರಿಯುತ್ತದೆ. ಆದರೂ ಹಲ್ಲು ಕಚ್ಚಿಕೊಂಡು "ನೋಡೋಣ ಸಾರ್" ಎನ್ನುತ್ತೇನೆ. ಆ ದಿನವೂ ಹಾಗೇ ಅಂದೆ.

ಮೊದಲ ಕೆಲಸ ಬೂಷ್ಟು ತೆಗೆಯುವುದು. ಮರೆತಿಟ್ಟ ಉಪ್ಪಿನಕಾಯಿಯ ಮೇಲೆ ಬರುವಂಥ ಬಿಳಿ ಪದರ ಟೇಪಿನ ಸುರುಳಿಯ ಅಂಚಿಗೆಲ್ಲ ಕೂತಿತ್ತು. ಅದನ್ನು ಹಾಗೇ ವಿಸಿಆರ್‌ಗೆ ಹಾಕಿದರೆ ಆ ಟೇಪೂ ಹಾಳು, ವಿಸಿಆರೂ ಹಾಳು, ಮುಂದೆ ಹಾಕುವ ಬೇರೆಯವರ ಟೇಪಿಗೂ ಬೂಷ್ಟು ಅಂಟುತ್ತದೆ. ಮೂಗು ಬಾಯಿಗೆ ಬಟ್ಟೆ ಕಟ್ಟಿ, ಕೈಗವಸು ಹಾಕಿ, ಹಿಂದಿನ ಹಿತ್ತಲಿನಲ್ಲಿ ಕೂತು ತಿರುಪು ಬಿಚ್ಚಿ ಕ್ಯಾಸೆಟ್ಟಿನ ಹೊಟ್ಟೆ ತೆರೆದೆ. ಒಳಗೆ ಜಿರಳೆಯ ಹಿಕ್ಕೆ. ಸುರುಳಿಯನ್ನು ಹೊರಗೆ ತೆಗೆದು, ಸ್ಪಿರಿಟ್ ಅದ್ದಿದ ನೂಲು ಬಿಡದ ಬಟ್ಟೆಯ ನಡುವೆ ಟೇಪನ್ನು ಹಾಯಿಸುತ್ತಾ ಕೈಯಲ್ಲೇ ಸುತ್ತಿದೆ. ಬಟ್ಟೆ ಕಂದಾಗುತ್ತಿತ್ತು, ಬದಲಿಸುತ್ತಿದ್ದೆ, ಮತ್ತೆ ಕಂದಾಗುತ್ತಿತ್ತು. ಮಧ್ಯಾಹ್ನ ಊಟಕ್ಕೆ ಕೂತರೆ ಅನ್ನವೂ ಅದೇ ವಾಸನೆ. ಎರಡು ತುತ್ತು ತಿಂದು ಎದ್ದೆ.

ಶುಚಿ ಮಾಡಿದ ಟೇಪನ್ನು ಬೇರೆ ಡಬ್ಬಿಗೆ ಕೂರಿಸಿ ಹಾಕಿದರೂ ಚಿತ್ರ ನಿಲ್ಲಲಿಲ್ಲ. ಸ್ವಲ್ಪ ಓಡುವುದು, ಪರದೆಯೆಲ್ಲ ಸಾಸಿವೆ ಚೆಲ್ಲಿದಂತಾಗುವುದು. ವಿಸಿಆರ್ ಬಿಚ್ಚಿ ಟೇಪನ್ನು ಓದುವ ಹೆಡ್ಡು ಒರೆಸಬೇಕು. ಅದೂ ಅಡ್ಡಕ್ಕೆ ಮಾತ್ರ, ಮೇಲೆ ಕೆಳಗೆ ಉಜ್ಜಿದರೆ ಮುರಿದೇ ಹೋಗುತ್ತದೆ. ಒರೆಸುವುದು, ಓಡಿಸುವುದು, ಕೆಡುವುದು, ಮತ್ತೆ ಬಿಚ್ಚುವುದು. ಇಡೀ ಮದುವೆ ತುಂಡು ತುಂಡಾಗಿ ಕಂಪ್ಯೂಟರಿಗೆ ಇಳಿಯುವ ಹೊತ್ತಿಗೆ ನನಗೆ ಮದುವೆ ಎಂಬ ಪದ್ಧತಿಯ ಮೇಲೇ ಜಿಗುಪ್ಸೆ ಹುಟ್ಟಿತ್ತು. ಅದರ ಮೇಲೆ ಆ ಕಾಲದ ವಿಡಿಯೊದವನ ಕಲೆ ಬೇರೆ. ವಧೂವರರು ಹೃದಯದ ಆಕಾರದ ತೂತಿನಿಂದ ಇಣುಕುತ್ತಿದ್ದರು, ಅಜ್ಜಿಯೊಬ್ಬರ ಮುಖ ಗಿರಗಿರನೆ ತಿರುಗಿ ಗುಲಾಬಿ ಹೂವಾಗುತ್ತಿತ್ತು.

ಇನ್ನು ಬಣ್ಣದ ಕೆಲಸ. ಇದಕ್ಕೆ ನಾನು ಕಂಪ್ಯೂಟರಿನ ಪರದೆಯನ್ನು ನಂಬುವುದಿಲ್ಲ. ಕಂಪ್ಯೂಟರ್ ತನಗೆ ತೋಚಿದ ಬಣ್ಣ ತೋರಿಸುತ್ತದೆ; ಮೊಬೈಲಂತೂ ಎಲ್ಲವನ್ನೂ ಮಿಠಾಯಿ ಅಂಗಡಿ ಮಾಡುತ್ತದೆ. ಮುಚ್ಚಿಹೋದ ಒಂದು ಟಿವಿ ಸ್ಟುಡಿಯೊದಿಂದ ತಂದ ಹಳೆಯ ಮಾನಿಟರ್ ನನ್ನಲ್ಲಿದೆ. ಗಾಜಿನ ಪರದೆಯದು, ಎತ್ತಲು ಇಬ್ಬರು ಬೇಕು. ಕಂಪ್ಯೂಟರಿನಿಂದ ಚಿತ್ರವನ್ನು ಒಂದು ಬೇರೆ ಪೆಟ್ಟಿಗೆಯ ಮೂಲಕ ಹೊರತಂದು ನೇರವಾಗಿ ಇದಕ್ಕೆ ಕೊಡುತ್ತೇನೆ. ಹಳೆಯ ಟೇಪು ಯಾವ ಥರದ ಪರದೆಗಾಗಿ ಹುಟ್ಟಿತೋ ಅದೇ ಥರದ ಪರದೆ ಇದು. ಇದು ಯಾರನ್ನೂ ಚಂದ ಮಾಡುವುದಿಲ್ಲ.

ಇದರ ಉಪಚಾರವೂ ಅಷ್ಟಿಷ್ಟಲ್ಲ. ಹಾಕಿದ ಮೇಲೆ ಅರ್ಧ ಗಂಟೆ ಬೆಚ್ಚಗಾಗಲು ಬಿಡಬೇಕು. ಆಮೇಲೆ ಬಣ್ಣದ ಪಟ್ಟಿಗಳನ್ನು ಹಾಕಿ, ನೀಲಿಯೊಂದನ್ನೇ ಉಳಿಸುವ ಗುಂಡಿ ಒತ್ತಿ, ಪಟ್ಟಿಗಳೆಲ್ಲ ಒಂದೇ ಸಮ ಕಾಣುವವರೆಗೆ ತಿರುಗಣೆ ತಿರುಗಿಸಬೇಕು. ಕೋಣೆಗೆ ಬಿಸಿಲು ಬರಬಾರದು. ಗೋಡೆಯ ಬಣ್ಣ ಕಣ್ಣನ್ನು ಕೆಡಿಸಬಾರದೆಂದು ಗಿಣಿಹಸಿರು ಗೋಡೆಗಳಿಗೆಲ್ಲ ಬೂದಿ ಬಣ್ಣ ಬಳಿಸಿದ್ದೇನೆ.

"ಒಳಕ್ಕೆ ಬಂದ್ರೆ ಸೂತಕದ ಮನೆಗೆ ಬಂದಂಗಾಯ್ತದೆ ಕಣ್ರೀ" ಎಂದು ನನ್ನ ಹೆಂಡತಿ ಈಗಲೂ ಅನ್ನುತ್ತಾಳೆ.

ಮದುವೆಯ ಟೇಪು ಇಡಿಯಾಗಿ ಹಳದಿಗೆ ತಿರುಗಿತ್ತು. ಮನೆಯೊಳಗೆ ಹ್ಯಾಲೊಜನ್ ದೀಪ ಹಾಕಿಕೊಂಡು, ಕ್ಯಾಮೆರಾವನ್ನು ಹೊರಗಿನ ಬಿಸಿಲಿನ ಲೆಕ್ಕದಲ್ಲೇ ಬಿಟ್ಟಿದ್ದ ಪುಣ್ಯಾತ್ಮ. ಆದರೆ ಕೊಡವರ ಮದುವೆಯಲ್ಲಿ ಬಣ್ಣ ಸರಿಮಾಡುವವನಿಗೆ ಒಂದು ಅನುಕೂಲವಿದೆ. ಮದುಮಗ ತೊಡುವ ಕುಪ್ಯ ಎಂಬ ನಿಲುವಂಗಿ ಬಿಳಿ, ಸುತ್ತ ನಿಂತ ಗಂಡಸರ ಕುಪ್ಯ ಕಪ್ಪು. ಕಪ್ಪು ಬಿಳುಪು ಎರಡೂ ಒಂದೇ ಚೌಕಟ್ಟಿನಲ್ಲಿ ಸಿಕ್ಕರೆ ನಡುವಿನ ಬಣ್ಣಗಳು ತಾವಾಗಿ ದಾರಿಗೆ ಬರುತ್ತವೆ. ಆದರೂ ಕುಪ್ಯವನ್ನು ನಾನು ಪೂರ್ತಿ ನಂಬಲಿಲ್ಲ, ಮನೆತನದ ಹಳೆಯ ಬಟ್ಟೆಯಾಗಿದ್ದರೆ ಅದೇ ಮಾಸಿರಬಹುದು. ಹುಡುಕಿದಾಗ ಅದಕ್ಕಿಂತ ಒಳ್ಳೆಯದು ಸಿಕ್ಕಿತು. ಮುಹೂರ್ತಕ್ಕೆ ಕೂತ ಮದುಮಗನಿಗೆ ಹಿರಿಯರು ಒಬ್ಬೊಬ್ಬರಾಗಿ ಬಂದು ಮೊಣಕಾಲಿಗೆ, ಹೆಗಲಿಗೆ, ತಲೆಗೆ ಅಕ್ಕಿ ಹಾಕಿ, ಗಿಂಡಿಯಿಂದ ಒಂದು ಗುಟುಕು ಹಾಲು ಕುಡಿಸುತ್ತಾರೆ. ಪಕ್ಕದಲ್ಲಿ ನಿಂತ ಗಂಡಸೊಬ್ಬರು ಬಂದವರಿಗೆಲ್ಲ ಅಕ್ಕಿಯ ತಟ್ಟೆ ಹಿಡಿದು, ಗಿಂಡಿ ಎತ್ತಿಕೊಡುತ್ತಿದ್ದರು. ಆ ತಟ್ಟೆಯ ಅಕ್ಕಿಯನ್ನೇ ನಾನು ಬಿಳಿ ಎಂದು ಹಿಡಿದೆ.

ಅಕ್ಕಿ ಬೆಳ್ಳಗಾಯಿತು, ಕುಪ್ಯಗಳು ಕಪ್ಪಗಾದವು, ಸೊಂಟಕ್ಕೆ ಸುತ್ತಿದ ಚೇಲೆಗಳಿಗೆ ರೇಷ್ಮೆಯ ಕೆಂಪು ಬಂತು. ಮುಖಗಳು ಸರಿಯಾದವೋ ಇಲ್ಲವೋ ಎಂದು ನೋಡಲು ಕಂಪ್ಯೂಟರಿನಲ್ಲಿ ಒಂದು ದುಂಡನೆಯ ನಕ್ಷೆಯಿದೆ, ಅದರಲ್ಲಿ ಮನುಷ್ಯರ ಚರ್ಮಕ್ಕೆಂದೇ ಒಂದು ಗೆರೆ. ಕಪ್ಪಗಿರಲಿ ಬೆಳ್ಳಗಿರಲಿ, ಎಲ್ಲರ ಚರ್ಮವೂ ಆ ಗೆರೆಯ ಆಸುಪಾಸಿನಲ್ಲೇ ಬೀಳುತ್ತದೆ, ಒಳಗಿನ ರಕ್ತ ಒಂದೇ ನೋಡಿ. ಅಜ್ಜಿ ಗೆರೆಗೆ ಬಂದರು, ಮದುಮಗ ಬಂದರು, ಕಪ್ಪು ಎನ್ನಿಸಿಕೊಂಡ ಮದುಮಗಳ ಕಡೆಯವರೂ ಬಂದರು. ತಟ್ಟೆ ಹಿಡಿದು ನಿಂತವರೊಬ್ಬರು ಮಾತ್ರ ಬರಲಿಲ್ಲ. ಅವರ ಮುಖ ಹಳದಿಯಾಗೇ ಉಳಿಯಿತು.

ನಾನು ಮಾನಿಟರನ್ನು ಬೈದೆ. ಅವರು ಯಾವಾಗಲೂ ಎಡಗಡೆಗೇ ನಿಂತಿದ್ದರು, ಇಂಥ ಗಾಜಿನ ಪರದೆಗಳಿಗೆ ಹತ್ತಿರದ ಸ್ಪೀಕರಿನ ಅಯಸ್ಕಾಂತ ತಾಗಿ ಮೂಲೆಯಲ್ಲಿ ಬಣ್ಣ ಕೆಡುವುದುಂಟು. ಸ್ಪೀಕರನ್ನು ಆಚೆ ಇಟ್ಟೆ. ಅಯಸ್ಕಾಂತದ ಗುಣ ಹೋಗಲಾಡಿಸುವ ಗುಂಡಿ ಒತ್ತಿದೆ, ಪರದೆ ಒಮ್ಮೆ ನಡುಗಿ ನಿಂತಿತು. ಹಳದಿ ಹೋಗಲಿಲ್ಲ. ಕಡೆಗೆ ಚಿತ್ರವನ್ನೇ ಎಡಬಲ ತಿರುಗಿಸಿದೆ. ಅವರು ಬಲಗಡೆಗೆ ಹೋದರು, ಹಳದಿಯೂ ಅವರ ಜೊತೆಗೇ ಹೋಯಿತು. ಅಂದರೆ ತಪ್ಪು ಮಾನಿಟರಿನದಲ್ಲ.

ಇಲ್ಲಿ ನನ್ನ ಬುದ್ಧಿ ನನ್ನ ಊರಿನ ದಾರಿ ಹಿಡಿಯಿತು. ನಮ್ಮವರು ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಒಕ್ಕಲು ಜನ. ನಮ್ಮ ಮದುವೆಗಳಲ್ಲಿ ಹಿಂದಿನ ದಿನ ಅರಿಶಿನದ ಶಾಸ್ತ್ರ. ಮದುಮಗನಿಗೆ ಹಚ್ಚಿದ್ದಕ್ಕಿಂತ ಹೆಚ್ಚು ಅರಿಶಿನ ಭಾವಮೈದುನರ ಮುಖಕ್ಕೆ ಬೀಳುತ್ತದೆ. ನಮ್ಮ ಜನದ ಎಷ್ಟೋ ಮದುವೆ ಟೇಪುಗಳಲ್ಲಿ ಹಳದಿ ಮುಖಗಳನ್ನು ತಿಳಿ ಮಾಡಿದ್ದೇನೆ. ಇದೂ ಅದೇ, ಯಾರೋ ತಮಾಷೆಗೆ ಮೆತ್ತಿದ್ದಾರೆ ಎಂದುಕೊಂಡೆ. ಕಣ್ಣೂ ಹಳದಿಯಿದೆಯಲ್ಲ ಎಂಬುದು ಹೊಳೆಯದೆ ಇರಲಿಲ್ಲ. ಆದರೆ ಈ ಜಾತಿಯ ಟೇಪಿನಲ್ಲಿ ಬಣ್ಣ ತನ್ನ ಗಡಿ ದಾಟಿ ಪಕ್ಕಕ್ಕೆ ಹರಿಯುತ್ತದೆ, ಕೆನ್ನೆಯದು ಕಣ್ಣಿಗೆ ಹರಿದಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಂಪ್ಯೂಟರಿನಲ್ಲಿ ಅವರ ಮುಖಕ್ಕೂ ಕೈಗೂ ಒಂದೊಂದು ಮರೆ, ಅಂದರೆ ಅಷ್ಟು ಜಾಗದ ಬಣ್ಣ ಮಾತ್ರ ಬದಲಿಸಲು ಸುತ್ತ ಒಂದು ಗೆರೆ, ಬರೆದು, ಅದು ಅವರ ಜೊತೆಗೇ ಚಲಿಸುವಂತೆ ಮಾಡಿ, ಮರೆಯೊಳಗಿನ ಹಳದಿಯಷ್ಟನ್ನೇ ಹಿಂಡಿ ತೆಗೆದೆ. ಅವರೂ ಗೆರೆಗೆ ಬಂದರು. ತುಂಬ ನಾಜೂಕಿನ ಕೆಲಸ, ನನಗೇ ನನ್ನ ಮೇಲೆ ಮೆಚ್ಚುಗೆಯಾಯಿತು.

ನೋಡಲು ಬಂದ ದೊಡ್ಡವರಂತೂ ತಟ್ಟೆ ಹಿಡಿದವರನ್ನು ಕಂಡು ಕುರ್ಚಿಯಿಂದ ಅರ್ಧ ಎದ್ದರು.

"ಹಾಂ! ಹೀಗೇ ಇದ್ದ ಅವ್ನು. ನನ್ನ ನಡುವಿನ ತಮ್ಮ. ನೋಡಿ, ಎಷ್ಟು ಗಟ್ಟಿಮುಟ್ಟು ಉಂಟು ಆಳು."

"ಈಗ ಎಲ್ಲಿದ್ದಾರೆ ಸಾರ್?"

"ಹೋಗ್ಬಿಟ್ಟ. ಈ ಮದ್ವೆ ಕಳೆದು ಹೆಂಡ್ತಿ ಜೊತೆ ಅವಳ ತಾಯಿ ಮನೆಗೆ ಹೋದವ, ಗಾಳಿಬೀಡಿಗೆ. ತಿಂಗಳು ತುಂಬ್ಲಿಲ್ಲ. ಏನು ತಿನ್ನಿಸಿದ್ರೋ, ಏನು ಮದ್ದು ಹಾಕಿದ್ರೋ ದೇವ್ರಿಗೇ ಗೊತ್ತು." ಪರದೆಯತ್ತ ಬೆರಳು ಮಾಡಿ ಮತ್ತೆ ಹೇಳಿದರು. "ಈಗ ಎಲ್ರೂ ನೋಡ್ಲಿ, ನಮ್ಮ ಮನೆಯಿಂದ ಹೋಗುವಾಗ ಹೇಗಿದ್ದ ಅಂತ."

ನನಗೆ ಅದು ಸರಿಬರಲಿಲ್ಲ, ಆದರೆ ಸತ್ತವರ ಮನೆಯ ಜಗಳ ನನಗೇಕೆ ಎಂದು ಸುಮ್ಮನಾದೆ.

ಅದಾದ ಕೆಲವು ದಿನಕ್ಕೆ ಒಬ್ಬ ಹೆಂಗಸು ಬಂದರು. ಐವತ್ತರ ಆಸುಪಾಸು, ಕೈಯಲ್ಲಿ ಕೊಡೆ, ಕೊಡಗಿನ ರೀತಿಯಲ್ಲಿ ನೆರಿಗೆ ಹಿಂದಕ್ಕೆ ಹಾಕಿ ಉಟ್ಟ ಸೀರೆ. ಗಾಳಿಬೀಡಿನಿಂದ ಬಸ್ಸಿನಲ್ಲಿ ಬಂದಿದ್ದರು.

"ನಾನು ಚೆಟ್ಟಳ್ಳಿಯವರ ಎರಡನೇ ಸೊಸೆ" ಎಂದರು. "ಮದ್ವೆ ಕ್ಯಾಸೆಟ್ ನಿಮ್ಮ ಹತ್ರ ಉಂಟು ಅಂತ ಮೈದುನ ಫಂಕ್ಷನ್ನಿಗೆ ಕರೀಲಿಕ್ಕೆ ಫೋನ್ ಮಾಡಿದಾಗ ಹೇಳಿದ್ರು. ಅದ್ರಲ್ಲಿ ಇವರದ್ದು ಒಂದು ಫೋಟೋ ತೆಗ್ದು ಕೊಡ್ಲಿಕ್ಕೆ ಆಗ್ತದಾ? ಮಗಳು ಅಪ್ಪನ್ನ ನೋಡಿಲ್ಲ. ಅವಳು ಆಗ ಹೊಟ್ಟೇಲಿ."

ಆಗಬಹುದು ಎಂದು ಮಾನಿಟರಿನ ಮುಂದೆ ಕೂರಿಸಿದೆ. ಗಿಂಡಿ ಎತ್ತಿಕೊಡುವ ಭಾಗ ಹಾಕಿದೆ. ವಿಡಿಯೊದವನು ಅಲ್ಲಿ ಅವರ ಗಂಡನ ಮುಖವನ್ನು ಹತ್ತಿರಕ್ಕೆ ತಂದಿದ್ದ. ಅಲ್ಲೇ ನಿಲ್ಲಿಸಿ, "ಇದು ಚೆನ್ನಾಗಿದೆ ಅಲ್ವಾಮ್ಮ?" ಎಂದೆ.

ಅವರು ಕೊಡೆ ಕೆಳಗಿಟ್ಟು ಪರದೆಯನ್ನೇ ನೋಡಿದರು. ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ಸೋತವರ ದನಿಯಲ್ಲಿ ಹೇಳಿದರು.

"ಹಾಗಾದ್ರೆ ಭಾವ ಹೇಳೋದೇ ಸರಿ. ನನ್ನ ಕಣ್ಣೇ ಸರಿ ಇರ್ಲಿಲ್ಲ."

"ಏನಾಯ್ತಮ್ಮ?"

"ಮದ್ವೆ ದಿನ ಬೆಳಿಗ್ಗೆನೇ ಇವರ ಕಣ್ಣು ಹಳದಿ ಆಗಿತ್ತು ಅಂತ ಇಷ್ಟು ವರ್ಷ ನಾನು ಹೇಳಿಕೊಂಡು ಬಂದೆ. ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂತ ಭಾವನಿಗೆ ಅವತ್ತೇ ಹೇಳಿದೆ. ಮದ್ವೆ ಮನೇಲಿ ಅಪಶಕುನ ಮಾತಾಡ್ಬೇಡ ಅಂದ್ರು. ಆಮೇಲೆ ನಾನು ಹೆರಿಗೆಗೆ ಅಮ್ಮನ ಮನೆಗೆ ಹೋಗುವಾಗ ಇವರೂ ಬಂದ್ರು, ಅಲ್ಲೇ ಬಿದ್ರು. ಮಡಿಕೇರಿ ಆಸ್ಪತ್ರೆಗೆ ಸೇರಿಸುವಾಗ ಎಲ್ಲ ಮುಗ್ದಿತ್ತು. ಹೆಣದ ಮುಂದೆ ನಿಂತು ಭಾವ ಕೇಳಿದ್ರು, ನಮ್ಮ ಮನೆಯಿಂದ ಕಲ್ಲಿನ ಹಾಗೆ ಬಂದವನಿಗೆ ಏನು ತಿನ್ನಿಸಿದ್ರಿ ಅಂತ. ಅಪ್ಪ ಆ ಮಾತು ಹೊತ್ಕೊಂಡೇ ಸತ್ರು. ಈಗ ನೋಡಿದ್ರೆ ಇವರು ಚೆನ್ನಾಗೇ ಇದ್ರಲ್ಲ. ನಾನೇ ಏನೋ ಕಂಡೆನಾ?"

ನನಗೆ ಮೇಜಿನ ಕೆಳಗೆ ಹೊಕ್ಕುಬಿಡೋಣ ಎನ್ನಿಸಿತು. ಬಡಬಡ ಹೇಳಿದೆ. "ಇಲ್ಲಮ್ಮ, ಹಳದಿ ಇತ್ತು. ನಾನೇ ತೆಗೆದೆ. ಅರಿಶಿನದ ಶಾಸ್ತ್ರದಲ್ಲಿ ಯಾರೋ ಮುಖಕ್ಕೆ ಹಚ್ಚಿದ್ದಾರೆ ಅಂದ್ಕೊಂಡೆ."

"ಅರಿಶಿನದ ಶಾಸ್ತ್ರ? ನಮ್ಮ ಮನೇಲಿ ಅದೆಲ್ಲ ಎಲ್ಲಿತ್ತು?" ಅವರು ನನ್ನ ಕಡೆ ಪೂರ್ತಿ ತಿರುಗಿದರು. "ಅಲ್ಲ, ನಿಮ್ಮ ಕಡೆ ಕಣ್ಣಿನ ಒಳಗೂ ಅರಿಶಿನ ಹಚ್ತಾರಾ?"

ಮರೆಗಳನ್ನು ತೆಗೆಯುವ ಗುಂಡಿ ಒತ್ತಿದೆ. ಪರದೆಯ ಮೇಲೆ ಅವರ ಗಂಡ ಹಳದಿಯಾದರು. ಹೆಂಗಸು ಮುಂದೆ ಬಾಗಿ ಗಾಜಿನ ಮೇಲೆ ಕೈಯಿಟ್ಟರು. ಗಾಜು ಮುಟ್ಟಿದವರಿಗೆಲ್ಲ ಗದರುವವನು ನಾನು, ಆ ದಿನ ಬಾಯಿ ಬಿಡಲಿಲ್ಲ.

"ಇದೇ. ಹೀಗೇ ಇದ್ರು ಇವರು." ಗಾಜಿನಿಂದ ಕೈ ತೆಗೆದು ಅವರೇ ಕೇಳಿದರು. "ಆದ್ರೆ ನೀವು ಒಂದ್ಸಲ ಒತ್ತಿದ್ರೆ ಚೆನ್ನಾಗ್ತಾರೆ, ಇನ್ನೊಂದ್ಸಲ ಒತ್ತಿದ್ರೆ ಹಳದಿ ಆಗ್ತಾರೆ. ಹಳದಿ ನೀವೇ ಹಾಕಿದ್ದು ಅಂತ ಭಾವ ಹೇಳಿದ್ರೆ?"

ಆ ಪ್ರಶ್ನೆಗೆ ನನ್ನ ಕೆಲಸವೇ ಉತ್ತರ ಕೊಡಬೇಕಿತ್ತು. ಟೇಪಿನಿಂದ ಇಳಿಸಿದ್ದನ್ನು ಇದ್ದಹಾಗೇ ತೋರಿಸಿದೆ. ಅದರಲ್ಲಿ ಎಲ್ಲರೂ ಹಳದಿ, ಅಕ್ಕಿಯೂ ಹಳದಿ. ಆಮೇಲೆ ಅವರೆದುರಿಗೇ ತಟ್ಟೆಯ ಅಕ್ಕಿಯನ್ನು ಸ್ವಲ್ಪ ಸ್ವಲ್ಪವಾಗಿ ಬಿಳುಪಿಗೆ ತಂದೆ. ಅಕ್ಕಿ ಬೆಳ್ಳಗಾಗುತ್ತಾ ಹೋದಂತೆ ಮದುಮಗನ ಮುಖ ತಿಳಿಯಾಯಿತು, ಅಜ್ಜಿಯದು ತಿಳಿಯಾಯಿತು. ಅದೇ ತಟ್ಟೆ ಹಿಡಿದ ಬೆರಳುಗಳು, ಉಗುರಿನ ಬುಡ, ಮುಖ, ಕಣ್ಣು ಮಾತ್ರ ಆಗಲಿಲ್ಲ. ಬಣ್ಣ ಹರಿದು ಕಣ್ಣಿಗೆ ಬಂದಿದೆ ಎನ್ನೋಣವೆಂದರೆ ಮದುಮಗನ ಕಣ್ಣಿಗೆ ಹರಿದಿರಲಿಲ್ಲ. ಇದನ್ನೆಲ್ಲ ನಾನು ಮೊದಲೇ ನೋಡಿದ್ದೆ. ನೋಡಿಯೂ ಅದು ಕಾಯಿಲೆ ಎಂದು ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೆಯೇ ಅಸಹ್ಯವಾಯಿತು.

"ಫೋಟೋ ಇದೇ ಕೊಡಿ" ಎಂದರು ಅವರು. "ಚಂದದ್ದು ಬೇಡ."

ಅವರು ಹೋದ ಮೇಲೆ ನಾನು ಸುಮಾರು ಹೊತ್ತು ಯೋಚಿಸಿದೆ. ಗಿರಾಕಿ ಕೇಳಿದ್ದನ್ನು ಮಾಡಿಕೊಡುವವನು ನಾನು. ಆದರೆ ಬಣ್ಣ ಸರಿಮಾಡುವುದು ಬೇರೆ, ಒಬ್ಬ ಮನುಷ್ಯನ ಕಾಯಿಲೆಯನ್ನು ಅಳಿಸಿ ಅದರ ಹೊರೆಯನ್ನು ಅವನ ಹೆಂಡತಿಯ ತಲೆಗೆ ಕಟ್ಟುವುದು ಬೇರೆ. ಮರೆಗಳನ್ನೆಲ್ಲ ಕಿತ್ತು ಹಾಕಿದೆ. ಅಕ್ಕಿಗೆ ತಕ್ಕಂತೆ ಇಡೀ ಮದುವೆಯನ್ನು ಮತ್ತೊಮ್ಮೆ ಮೊದಲಿನಿಂದ ಸರಿಮಾಡಿದೆ, ಯಾರನ್ನೂ ಬೆಳ್ಳಗೆ ಮಾಡಲಿಲ್ಲ. ಆಮೇಲೆ ದೊಡ್ಡವರಿಗೆ ಫೋನ್ ಮಾಡಿದೆ.

ಬಂದು ನೋಡಿದವರ ಮುಖ ಬಿಗಿಯಾಯಿತು. "ಮೊದ್ಲು ಚೆನ್ನಾಗಿತ್ತಲ್ಲ. ಇದೇನಿದು?"

"ಮೊದ್ಲಿಂದು ನಾನು ತಪ್ಪಾಗಿ ಮಾಡಿದ್ದು ಸಾರ್. ಇವರಿಗೆ ಕಾಮಾಲೆ ಆಗಿತ್ತು."

ಇಲ್ಲ ಎನ್ನುತ್ತಾರೆ ಎಂದು ಕಾಯುತ್ತಿದ್ದೆ. ಎನ್ನಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ ದನಿ ಇಳಿಸಿದರು.

"ಆಗಿತ್ತು ಅಂತಲೇ ಇಟ್ಕೊಳ್ಳಿ. ಊರೆಲ್ಲ ಕರೆದಾಗಿತ್ತು. ಮುಹೂರ್ತ ನಿಲ್ಲಿಸ್ಲಿಕ್ಕೆ ಆಗ್ತದಾ? ಕಳೀಲಿ ನೋಡುವ ಅಂದೆ. ಅವನೂ ಹೂಂ ಅಂದ."

"ಮತ್ತೆ ಅವರ ಹೆಂಡ್ತಿ ಮೇಲೆ ಹೇಳಿದ್ದು?"

"ಆ ಹೊತ್ತಿಗೆ ಬಾಯಲ್ಲಿ ಏನೋ ಬಂತು ಮಾರಾಯ್ರೆ. ಒಂದ್ಸಲ ಬಂದ ಮೇಲೆ ವಾಪಸ್ ತಗೊಳ್ಲಿಕ್ಕೆ ಆಗ್ತದಾ? ಅದೆಲ್ಲ ಬಿಡಿ. ಅವನಿರೋ ಭಾಗ ಕಟ್ ಮಾಡಿ ತೆಗೀರಿ."

ನನಗೆ ವಾಕರಿಕೆ ಬಂತು, ಬೂಷ್ಟಿನ ವಾಸನೆಗೆ ಬಂದದ್ದಕ್ಕಿಂತ ಹೆಚ್ಚು. ಎದ್ದು ಹೋಗಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ವಿಡಿಯೊ ಓಡಿಸಿದೆ. ಬಂದವರು ಯಾರೇ ಇರಲಿ, ಅಕ್ಕಿ ತೆಗೆದುಕೊಂಡದ್ದು ಆ ನಡುವಿನ ತಮ್ಮನ ತಟ್ಟೆಯಿಂದ, ಹಾಲಿನ ಗಿಂಡಿ ಇಸಿದುಕೊಂಡದ್ದು ಅವರ ಕೈಯಿಂದ. ಅಜ್ಜಿ ಬಂದರು. ಆ ಅಜ್ಜಿ ಈ ಮೂವರು ಅಣ್ಣತಮ್ಮಂದಿರ ತಾಯಿ, ಈಗ ಇಲ್ಲ. ಹಳದಿ ಕೈ ಗಿಂಡಿ ಎತ್ತಿಕೊಟ್ಟಿತು, ತಾಯಿ ತೆಗೆದುಕೊಂಡು ಕಿರಿಯ ಮಗನ ಬಾಯಿಗೆ ಹಿಡಿದರು.

"ಇವರನ್ನ ಕಟ್ ಮಾಡಿದ್ರೆ ನಿಮ್ಮ ತಾಯಿಯೂ ಹೋಗ್ತಾರೆ ಸಾರ್. ಮುಹೂರ್ತವೇ ಹೋಗ್ತದೆ. ಮಾಡಲಾ?"

ಅವರು ತಾಯಿಯನ್ನೇ ನೋಡುತ್ತಾ ಕೂತರು. ಕಡೆಗೆ ಎದ್ದು, "ಇರ್ಲಿ. ಹಾಗೇ ಕೊಡಿ" ಎಂದರು. ಮನಸ್ಸು ಕರಗಿತು ಎಂದುಕೊಂಡೆ. ನಾನು ಅಷ್ಟು ದಡ್ಡ.

ಸಮಾರಂಭದ ದಿನ ಫೈಲು ಹಿಡಿದು ನಾನೇ ಅಮ್ಮತ್ತಿಗೆ ಹೋದೆ. ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡ ಎಲ್‌ಇಡಿ ಪರದೆ. ವಿಡಿಯೊ ಶುರುವಾಯಿತು. ಬೆಳಕೆಲ್ಲ ತುದಿಗೇರಿಸಿಟ್ಟಿದ್ದರು. ಬಿಳಿ ಕುಪ್ಯ ಆಕಾಶನೀಲಿ, ಅಕ್ಕಿ ನೀಲಿ, ಮುಖಗಳೆಲ್ಲ ಬದನೆಕಾಯಿ. ಅಜ್ಜಿ, ಮದುಮಗ, ತಟ್ಟೆ ಹಿಡಿದವರು, ಎಲ್ಲರೂ ಒಂದೇ ಬದನೆಕಾಯಿ. ಪರದೆ ನಡೆಸುವವನ ಹತ್ತಿರ ಓಡಿ, ಸ್ವಲ್ಪ ಇಳಿಸಪ್ಪಾ ಎಂದೆ.

"ಸಾರ್, ಜನಕ್ಕೆ ಇದೇ ಇಷ್ಟ" ಎಂದ.

ಜನ ಚಪ್ಪಾಳೆ ತಟ್ಟಿದರು. ಹೃದಯದ ತೂತು ಬಂದಾಗ ಶಿಳ್ಳೆಯೂ ಹೊಡೆದರು. ಊಟದ ಹೊತ್ತಿಗೆ ದೊಡ್ಡವರು ನನ್ನ ಹೆಗಲ ಮೇಲೆ ಕೈ ಹಾಕಿದರು, ಬಾಯಲ್ಲಿ ಪಂದಿಕರಿಯ ವಾಸನೆ. "ಸುಮ್ನೆ ಹೆದರಿಸಿದ್ರಿ ಮಾರಾಯ್ರೆ. ಇಂಥ ಸ್ಕ್ರೀನಲ್ಲಿ ಯಾರಿಗೆ ಏನು ಗೊತ್ತಾಗ್ತದೆ?"

ಅವರಿಗೆ ಅದು ಮೊದಲೇ ಗೊತ್ತಿತ್ತು. ಇದೇ ಮಂಟಪದಲ್ಲಿ ಅವರು ಎಷ್ಟು ಮದುವೆ ನೋಡಿಲ್ಲ! ನಾನು ತಟ್ಟೆಯನ್ನು ಹಾಗೇ ಬಿಟ್ಟು ಕೈ ತೊಳೆದೆ.

ಗಾಳಿಬೀಡಿನ ಆ ಹೆಂಗಸು ಕೈ ತೊಳೆಯುವ ಜಾಗದಲ್ಲೇ ನಿಂತಿದ್ದರು. ಮುಂದಿನ ಸಾಲಿನಲ್ಲಿ ಕೂತು ಅವರೂ ಎಲ್ಲ ನೋಡಿದ್ದರು.

"ನಿಮ್ಮ ಆ ಚಿಕ್ಕ ಟಿವಿ ನಾಳೆ ಇರ್ತದಲ್ಲ?" ಎಂದು ಕೇಳಿದರು. ಇರುತ್ತದೆ ಎಂದೆ. ಅವರು ಸೀದಾ ಕಿರಿಯ ಮೈದುನನ ಹತ್ತಿರ ಹೋಗಿ ಮಾತಾಡುವುದನ್ನು ದೂರದಿಂದ ಕಂಡೆ.

ಮಾರನೆಯ ಬೆಳಿಗ್ಗೆ ಮೂವರೂ ಬಂದರು, ಅವರು, ಅವರ ಮೈದುನ, ಮೈದುನನ ಹೆಂಡತಿ. ಅಂದರೆ ಟೇಪಿನ ಮದುಮಗ ಮದುಮಗಳು. ತಲೆ ನರೆತಿತ್ತು ಅಷ್ಟೇ. ಹಿಂದೆಯೇ ದೊಡ್ಡವರ ಜೀಪೂ ಬಂತು. ಕರೆಯದಿದ್ದರೂ ಬಂದಿದ್ದರು, ಬಾರದೆ ಇರಲು ಆಗಿರಲಿಕ್ಕಿಲ್ಲ. ಮಾನಿಟರ್ ಬೆಚ್ಚಗಾಗಬೇಕು, ಅರ್ಧ ಗಂಟೆ ಕಾಯಿರಿ ಎಂದೆ. ನನ್ನ ಹೆಂಡತಿ ಕಾಫಿ ಕೊಟ್ಟಳು. ಯಾರೂ ಕುಡಿಯಲಿಲ್ಲ. ದೊಡ್ಡವರು ಕೂರದೆ ಬಾಗಿಲ ಬಳಿಯೇ ನಿಂತಿದ್ದರು.

ಬಣ್ಣದ ಪಟ್ಟಿ ಹಾಕಿ ಎಲ್ಲರ ಎದುರಿಗೇ ಮಾನಿಟರನ್ನು ಸರಿಮಾಡಿದೆ. ಆಮೇಲೆ ಅಕ್ಕಿಗೆ ತಕ್ಕಂತೆ ಸರಿಮಾಡಿದ ಮದುವೆ ಹಾಕಿದೆ. ತಾಯಿ ಬಂದರು, ಅಕ್ಕಿ ಹಾಕಿದರು. ಕ್ಯಾಮೆರಾ ತಟ್ಟೆ ಹಿಡಿದವರ ಮುಖಕ್ಕೆ ಹತ್ತಿರವಾಯಿತು. ಅವರ ಹೆಗಲ ಹಿಂದೆಯೇ ಕಪ್ಪು ಕುಪ್ಯದಲ್ಲಿ ದೊಡ್ಡವರು, ಆಗಿನ್ನೂ ಯುವಕ, ಕೆಂಪು ಕೆನ್ನೆ. ತಮ್ಮನ ಮುಖವನ್ನು ಅಷ್ಟು ಹತ್ತಿರದಿಂದ ನೋಡುತ್ತಿದ್ದರು. ಅಲ್ಲಿಗೆ ನಿಲ್ಲಿಸಿದೆ.

ಕಿರಿಯ ತಮ್ಮ ಕುರ್ಚಿಯ ಕೈ ಹಿಡಿದುಕೊಂಡರು. ಅವರು ಮಾತಾಡಿದ್ದು ತಮ್ಮ ಮನೆಮಾತಾದ ಕೊಡವ ತಕ್ಕಿನಲ್ಲಿ, ಆದರೆ ಅಷ್ಟು ನನಗೆ ತಿಳಿಯುತ್ತದೆ.

"ಇದು ನನ್ನ ಮದುವೆಯ ದಿನ. ಅಣ್ಣ, ಅವನು ಚೆನ್ನಾಗಿದ್ದ ಅಂತ ನೀನು ತಾನೇ ಹೇಳಿದ್ದು? ನಿನ್ನ ಮಾತು ನಂಬಿ ಅತ್ತಿಗೆ ಮನೆಯ ಹೊಸಿಲು ತುಳಿಯದೆ ಇದ್ದೆನಲ್ಲ ನಾನು?"

ದೊಡ್ಡವರು ತಮ್ಮನನ್ನು ನೋಡಲಿಲ್ಲ. ನನಗೂ ಕೇಳಿಸಲಿ ಎಂದೋ ಏನೋ, ಕನ್ನಡದಲ್ಲೇ ಹೇಳಿದರು. "ಇವರ ಟಿವಿ ಹಳೇದು ಮಾರಾಯ. ಗುಜರಿಯದ್ದು. ಅದ್ರಲ್ಲಿ ಕಲರ್ ಸರಿ ಬರೂದಿಲ್ಲ. ನಿನ್ನೆ ಹಾಲಲ್ಲಿ ನೋಡಿದ್ದೇ ಸರಿ."

ಇದೇ ಕೋಣೆಯಲ್ಲಿ, ಇದೇ ಕುರ್ಚಿಯಲ್ಲಿ ಕೂತು ಆಗಿತ್ತು ಎಂದು ಒಪ್ಪಿಕೊಂಡ ಬಾಯಿ ಅದು. ನನಗೆ ತಡೆಯಲಾಗಲಿಲ್ಲ, ಮಾತಿಗೆ ಬಾಯಿ ತೆರೆದೆ. ಗಾಳಿಬೀಡಿನವರು ಕೈ ಎತ್ತಿ ನನ್ನನ್ನು ತಡೆದರು. ಎದ್ದು ಮಾನಿಟರಿನ ಹತ್ತಿರ ಹೋಗಿ, ಗಂಡನ ಹೆಗಲ ಹಿಂದೆ ನಿಂತ ಆ ಇನ್ನೊಂದು ಮುಖದ ಮೇಲೆ ಬೆರಳಿಟ್ಟರು.

"ಟಿವಿ ಸರಿ ಇಲ್ಲಾಂದ್ರೆ, ನಿಮ್ಮ ಕಣ್ಣು ಮಾತ್ರ ಹೇಗೆ ಇಷ್ಟು ಬೆಳ್ಳಗುಂಟು ಭಾವ?"

ಕಿರಿಯ ತಮ್ಮ ಎದ್ದು ಬಂದು ಅತ್ತಿಗೆಯ ಕಾಲು ಮುಟ್ಟಿದರು. ಉತ್ತರ ಕೊಡಬೇಕಾದವರು ಆಗಲೇ ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿ ಹುಡುಕುತ್ತಿದ್ದರು.